ಒಂಬತ್ತನೆಯ ದಿನದ ತಂತಿ

ವಿದೇಶಾಂಗ ಇಲಾಖೆಯಲ್ಲಿ ಮೂವತ್ತು ವರ್ಷ ದುಭಾಷಿಯಾಗಿದ್ದು ನಿವೃತ್ತಳಾದ ಮೇಲೆ ಆಕೆ ಮಾತು ಕಡಿಮೆ ಮಾಡಿಬಿಟ್ಟಳು. ಯಾರ ಮೇಲಿನ ಸಿಟ್ಟಿಗೂ ಅಲ್ಲ. ಅಷ್ಟು ವರ್ಷ ಮಂತ್ರಿಗಳ, ಸೇನಾಧಿಕಾರಿಗಳ, ಬಂದರಿನ ಅಧಿಕಾರಿಗಳ ಮಾತನ್ನು ಮೇಜಿನ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಸಾಗಿಸಿದ್ದಾಗಿತ್ತು. ದುಭಾಷಿಯಾದವಳು 'ಅವರು ಹೀಗೆ ಹೇಳುತ್ತಿದ್ದಾರೆ' ಅನ್ನುವ ಹಾಗಿಲ್ಲ. ಮಂತ್ರಿ 'ನಾನು ಒಪ್ಪುವುದಿಲ್ಲ' ಅಂದರೆ ಆಕೆಯೂ 'ನಾನು ಒಪ್ಪುವುದಿಲ್ಲ' ಎಂದೇ ಹೇಳಬೇಕು. ಕೆಲಸ ಬಿಟ್ಟ ಮೊದಲ ವಾರ ತರಕಾರಿ ಅಂಗಡಿಯಲ್ಲಿ 'ನಾನು ಒಂದು ಕೆಜಿ ಆಲೂಗಡ್ಡೆ ತಗೋತೀನಿ' ಅಂದವಳಿಗೆ, ಇದನ್ನು ಯಾರ ಪರವಾಗಿ ಹೇಳುತ್ತಿದ್ದೇನೆ ಅಂತ ಒಂದು ಗಳಿಗೆ ಅನುಮಾನ ಬಂದಿತ್ತು.

ಮದುವೆಯಾಗಿರಲಿಲ್ಲ. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಎರಡು ಬಸ್ ಸ್ಟಾಪ್ ಆಚೆ ತಮ್ಮನ ಮನೆ. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದವನು. ಈಗ ಅವನೂ ನಿವೃತ್ತ. ಭಾನುವಾರ ಬೆಳಿಗ್ಗೆ ತಪ್ಪದೆ ಬರುವನು, ನಲ್ಲಿ ಸೋರುತ್ತಿದ್ದರೆ ವಾಷರ್ ಬದಲಾಯಿಸುವನು, ಸೋರದಿದ್ದರೂ ಒಮ್ಮೆ ಬಿಚ್ಚಿ ನೋಡುವನು. ಟೀ ಕುಡಿದು, 'ಬರ್ತೀನಕ್ಕ' ಅಂದು ಹೊರಡುವನು. ಇಬ್ಬರ ನಡುವೆ ಜಗಳ ಅಂತ ಯಾವತ್ತೂ ಆದದ್ದಿಲ್ಲ. ಮಾತು ಅಂತಲೂ ಹೆಚ್ಚೇನೂ ಆದದ್ದಿಲ್ಲ. ತಾಯಿ ತೀರಿಕೊಂಡ ಮೇಲೆ ಹಾಗೇ ನಡೆದುಬಂದಿತ್ತು.

ಆಕೆಗೆ ಅರವತ್ತಾರು ನಡೆಯುತ್ತಿದ್ದಾಗ ಒಂದು ಫೋನ್ ಬಂತು. ಹಳೆಯ ಶಾಂತಿ ಮಾತುಕತೆಯೊಂದನ್ನು ಯಾರೋ ಒಪೆರಾ, ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ ಮಾಡಿದ್ದಾರೆ, ಅದರ ರೆಕಾರ್ಡಿಂಗ್ ಇದೆ, ಆಚೆ ದೇಶದವರ ಪಾತ್ರಗಳು ಅವರ ಭಾಷೆಯಲ್ಲೇ ಹಾಡುತ್ತವೆ, ನಮ್ಮ ಹಾಡುಗಾರರಿಗೆ ಉಚ್ಚಾರಣೆ ತಿದ್ದಬೇಕು, ನಾಲ್ಕು ದಿನದ ಕೆಲಸ, ಬರುತ್ತೀರಾ ಎಂದು. ಯಾವ ಮಾತುಕತೆ ಅಂತ ಕೇಳಿದಳು. ಹೇಳಿದರು. ಆ ಮೇಜಿನಲ್ಲಿ ಹನ್ನೊಂದು ದಿನ ಕೂತವಳು ತಾನೇ ಅಂತ ಆಕೆ ಹೇಳಲಿಲ್ಲ. ಅವರಿಗೆ ಗೊತ್ತಿದ್ದೇ ಕರೆದಿದ್ದರು.

ರೆಕಾರ್ಡಿಂಗ್ ನಡೆದದ್ದು ಒಂದು ಹಳೆಯ ಸಿನಿಮಾ ಮಂದಿರದಲ್ಲಿ. ಕುರ್ಚಿಗಳನ್ನೆಲ್ಲ ಕಿತ್ತು, ನೆಲಕ್ಕೆ ಕಂಬಳಿ ಹಾಸಿ, ಪರದೆ ಇದ್ದ ಕಡೆ ವಾದ್ಯದವರನ್ನು ಕೂರಿಸಿದ್ದರು. ಪ್ರೊಜೆಕ್ಟರ್ ಕೋಣೆಯಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಯಂತ್ರಗಳ ಮುಂದೆ ಕೂತಿದ್ದ. ಟಿಕ್‌ಟಿಕ್ ಕೇಳಬಾರದು ಅಂತ ಗೋಡೆ ಗಡಿಯಾರ ಇಳಿಸಿಟ್ಟಿದ್ದರು. ಆಕೆಯ ಕುರ್ಚಿ ಕಿರುಗುಟ್ಟುತ್ತದೆ ಅಂತ ಎರಡು ಸಲ ಬದಲಾಯಿಸಿದರು. ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಆಕೆಯನ್ನು 'ಉಚ್ಚಾರಣೆ ಮೇಡಂ' ಅನ್ನತೊಡಗಿದ್ದರು.

ಆಚೆ ದೇಶದ ಮಂತ್ರಿಯ ಪಾತ್ರ ಹಾಡುತ್ತಿದ್ದವನು ಭಾರಿ ಆಳು. ಅವನ ಹೊಟ್ಟೆಯಿಂದ ಹೊರಡುವ ದನಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಆದರೆ ಆ ಭಾಷೆಯ ಒಂದು ಅಕ್ಷರಕ್ಕೆ ಅವನ ನಾಲಿಗೆ ಹೊರಳಲೊಲ್ಲದು.

"ನಾಲಿಗೆ ಹಿಂದಕ್ಕೆ ಎಳ್ಕೊಳ್ಳಿ. ಬಿಸಿ ಟೀ ಬಾಯಿಗೆ ಹಾಕ್ಕೊಂಡು ನುಂಗೋಕೂ ಆಗದೆ ಉಗಿಯೋಕೂ ಆಗದೆ ಇದ್ದೀರಿ ಅಂದ್ಕೊಳ್ಳಿ," ಅಂದಳು.

ಅವನು ಹಾಗೇ ಮಾಡಿದ. ಅಕ್ಷರ ಸರಿಯಾಗಿ ಬಂತು. ವಾದ್ಯದವರೆಲ್ಲ ನಕ್ಕರು. ಮಂತ್ರಿ ನಿಜವಾಗಿ ಇಷ್ಟು ಗಟ್ಟಿ ಮಾತಾಡುತ್ತಿದ್ದನೇ ಅಂತ ಯಾರೋ ಕೇಳಿದ್ದಕ್ಕೆ, "ಇಲ್ಲ, ಅವರಿಗೆ ಹಲ್ಲುನೋವಿತ್ತು, ಗೊಣಗ್ತಾ ಇದ್ರು," ಅಂದಳು. ಅದಕ್ಕೂ ನಕ್ಕರು.

ಕಥೆಯಲ್ಲಿ ದುಭಾಷಿಯ ಪಾತ್ರವೂ ಇತ್ತು. ಅದನ್ನು ಹಾಡುವವಳು ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಮೊದಲ ದಿನವೇ ಹತ್ತಿರ ಬಂದು, "ನಿಮ್ಮನ್ನ ನೋಡಿದ್ರೆ ಭಯ ಆಗುತ್ತೆ. ತಪ್ಪಾದ್ರೆ ಹೇಳಿಬಿಡಿ," ಅಂದಿದ್ದಳು. "ನಿಮ್ಮ ಪಾತ್ರ ನಮ್ಮ ಭಾಷೇಲೇ ಇದೆಯಲ್ಲ, ಅದರಲ್ಲಿ ನಂಗೇನು ಕೆಲಸ," ಅಂದುಬಿಟ್ಟಿದ್ದಳು ಆಕೆ.

ಆಕೆಗೆ ಕೊಟ್ಟಿದ್ದದ್ದು ಆಚೆ ಭಾಷೆಯ ಹಾಡುಗಳಿದ್ದ ಹಾಳೆಗಳು ಮಾತ್ರ. ಎರಡನೆಯ ದಿನ ಒಂದು ಸಾಲು ಎಲ್ಲಿ ಶುರುವಾಗುತ್ತದೆ ಅಂತ ತಿಳಿಯದೆ ಇಡೀ ಪುಸ್ತಕ ಕೇಳಿ ತೆಗೆದುಕೊಂಡಳು. ಊಟದ ಬಿಡುವಿನಲ್ಲಿ ಪುಟ ತಿರುವುತ್ತಿದ್ದಾಗ ಎರಡನೆಯ ಅಂಕದ ಒಂದು ದೃಶ್ಯ ಕಣ್ಣಿಗೆ ಬಿತ್ತು. ಒಂಬತ್ತನೆಯ ದಿನ, ಬೆಳಿಗ್ಗೆ. ದುಭಾಷಿಗಳ ವಿಭಾಗದ ಸಾಹೇಬರು ಒಬ್ಬರೇ ಇದ್ದಾರೆ. ಕೈಯಲ್ಲಿ ಒಂದು ತಂತಿ ಸಂದೇಶ. 'ದುಭಾಷಿಯ ತಾಯಿ ಹೋದರಂತೆ' ಅಂತ ಹಾಡುತ್ತಾರೆ. ಇನ್ನೊಬ್ಬ ದುಭಾಷಿಗೆ ಗಂಟಲು ಕಟ್ಟಿ ಎರಡು ದಿನವಾಯಿತು. ಇವಳು ಎದ್ದರೆ ಮಾತುಕತೆ ನಿಲ್ಲುತ್ತದೆ, ನಿಂತರೆ ಸೆರೆಯಲ್ಲಿರುವ ನಾನೂರ ಹನ್ನೆರಡು ಮಂದಿ ಅಲ್ಲೇ ಉಳಿಯುತ್ತಾರೆ. ಸಾಹೇಬರು ತಂತಿಯನ್ನು ಮಡಿಸಿ ಒಳಜೇಬಿಗೆ ಹಾಕಿಕೊಳ್ಳುತ್ತಾರೆ. 'ಎರಡು ದಿನ ಇಲ್ಲೇ ಮಲಗು' ಅಂತ ಆ ಕಾಗದಕ್ಕೆ ಹೇಳುತ್ತಾರೆ.

ಆಕೆ ಆ ಪುಟವನ್ನು ಎರಡು ಸಲ ಓದಿದಳು. ಆಕೆಗೆ ಗೊತ್ತಿದ್ದದ್ದು ಬೇರೆ. ಹನ್ನೊಂದನೆಯ ದಿನ ಸಂಜೆ, ಸಹಿಯೆಲ್ಲ ಆದ ಮೇಲೆ, ಹೋಟೆಲಿನ ಮೊಗಸಾಲೆಯಲ್ಲಿ ಸಾಹೇಬರು ಹತ್ತಿರ ಬಂದು 'ಈಗ ತಾನೇ ತಂತಿ ಬಂತಮ್ಮ' ಅಂದಿದ್ದರು. ಕಾಗದ ತೋರಿಸಿರಲಿಲ್ಲ, ಆಕೆ ಕೇಳಿರಲೂ ಇಲ್ಲ. ಮರುದಿನ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದು ಎರಡು ದಿನವಾಗಿತ್ತು. ತಮ್ಮ ತಡಮಾಡಿ ತಿಳಿಸಿದ, ಗಾಬರಿಯಲ್ಲಿ ಅಕ್ಕ ಇದ್ದಾಳೆ ಅನ್ನುವುದೇ ಅವನಿಗೆ ಮರೆತುಹೋಯಿತು ಅಂತ ಮೂವತ್ತೊಂದು ವರ್ಷ ಅಂದುಕೊಂಡಿದ್ದಳು. ಅವನಿಗೆ ಹೇಳಿರಲಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಒಪೆರಾ ಬರೆದವನು ಆಚೆ ಮೂಲೆಯಲ್ಲಿ ನಿಂತು ರೊಟ್ಟಿ ತಿನ್ನುತ್ತಿದ್ದ. ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಅವನ ಹತ್ತಿರ ಹೋದಳು.

"ಇದು ನೀವು ಕಟ್ಟಿದ್ದಾ?"

ಅವನು ಬಗ್ಗಿ ನೋಡಿದ. "ಇಲ್ಲ ಮೇಡಂ, ಇದು ನಡೆದದ್ದೇ. ಸಾಹೇಬರು ತೀರಿಕೊಳ್ಳೋಕೆ ಒಂದು ವರ್ಷ ಮುಂಚೆ ನಂಗೆ ಹೇಳಿದ್ರು. ಹೇಳ್ತಾ ಅತ್ತುಬಿಟ್ರು." ಆಮೇಲೆ ಆಕೆಯ ಮುಖ ನೋಡಿ, ತಿನ್ನುವುದು ನಿಲ್ಲಿಸಿದ. "ನಿಮಗೆ... ಗೊತ್ತಿತ್ತಲ್ವಾ? ನಿಮಗೆ ಆಮೇಲೆ ಹೇಳಿದೆ ಅಂದಿದ್ರು."

"ಹೌದಾ," ಅಂದಳು. ಪುಸ್ತಕದ ಪುಟ ತಿರುವಿ, "ಈ ಮೂರನೇ ಸಾಲಲ್ಲಿ ಮಂತ್ರಿ ಹೇಳೋ ಪದ ಇದೆಯಲ್ಲ, ಅದರಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ. ದೀರ್ಘ ಇಲ್ಲದಿದ್ರೆ 'ಕೈದಿ' ಅನ್ನೋದು 'ಕುರಿ' ಆಗುತ್ತೆ," ಅಂದಳು.

ಅವನು ಪೆನ್ಸಿಲಿನಿಂದ ತಿದ್ದಿದ. ಮಧ್ಯಾಹ್ನವೆಲ್ಲ ಕೆಂಪು ದೀಪ ಹತ್ತಿತು, ಆರಿತು. ಎದೆಯಲ್ಲಿ ಏನಾದರೂ ಆಗುತ್ತದೇನೋ ಅಂತ ಆಕೆ ಕಾದಳು. ಕಾಲು ಜೋಮು ಹಿಡಿದಾಗ ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗಿರುತ್ತದಲ್ಲ, ಅಷ್ಟೇ. ಒಂದೇ ಮಧ್ಯಾಹ್ನ ಹದಿನೇಳು ತಪ್ಪು ತಿದ್ದಿದಳು.

ಮೂರನೆಯ ದಿನ ದುಭಾಷಿಯ ದೊಡ್ಡ ಹಾಡು. ಸಹಿ ಆದ ಮೇಲೆ ಸಾಹೇಬರು ತಂತಿ ಕೊಡುತ್ತಾರೆ, ದುಭಾಷಿ ಓದಿ ಗೋಳಾಡುತ್ತಾಳೆ. ವಾದ್ಯಮೇಳ ನಡೆಸುವ ಮೇಷ್ಟ್ರಿಗೆ ಕರುಳು ಕಿತ್ತು ಬರುವಂಥ ದನಿ ಬೇಕಿತ್ತು. ಗಾಯಕಿ ನಾಲ್ಕು ಸಲ ಹಾಡಿದಳು. ನಾಲ್ಕು ಸಲವೂ ಅವಳಿಗೇ ಸರಿಬರಲಿಲ್ಲ. ಬಿಡುವು ಕೇಳಿ ಆಕೆಯ ಪಕ್ಕ ಬಂದು ಕೂತಳು.

"ಮೇಡಂ, ನಿಜವಾಗಿ ಏನಾಯ್ತು ಆವಾಗ?"

ಆಕೆ ಯೋಚಿಸಿದಳು. "ನೋಟ್‌ಬುಕ್ ವಾಪಸ್ ಕೊಡಬೇಕಿತ್ತು. ದುಭಾಷಿ ಬರಕೊಂಡ ಟಿಪ್ಪಣಿ ಎಲ್ಲ ಸರ್ಕಾರದ್ದು, ಹೊರಗೆ ಹೋಗೋ ಹಾಗಿಲ್ಲ. ಏಳು ನೋಟ್‌ಬುಕ್. ರಿಜಿಸ್ಟರಲ್ಲಿ ಏಳು ಸಹಿ ಹಾಕಿದೆ. ಒಂದು ಕಡೆ ತಪ್ಪು ತಾರೀಖು ಬರೆದಿದ್ದೆ, ಅದನ್ನ ಹೊಡೆದು ಹಾಕಿ ಮತ್ತೆ ಬರೆದೆ. ಆಮೇಲೆ ಕಾರು ಎಷ್ಟು ಹೊತ್ತಿಗೆ ಅಂತ ಕೇಳಿದೆ."

"ಅಳಲಿಲ್ವಾ?"

"ಇಲ್ಲ."

"ಮತ್ತೆ ಯಾವಾಗ ಅತ್ರಿ?"

"ಇನ್ನೂ ಇಲ್ಲ," ಅಂದಳು ಆಕೆ. ವಿಚಿತ್ರ ಅನ್ನಿಸಬಾರದು ಅಂತ, "ಹೊತ್ತೇ ಕೂಡಿಬರಲಿಲ್ಲ," ಅಂತ ಸೇರಿಸಿದಳು.

ಗಾಯಕಿ ಎದ್ದು ಹೋಗಿ ಎರಡು ಸಲ ಹಾಡಿದಳು. ಒಂದು ಸಲ ಮೇಷ್ಟ್ರು ಹೇಳಿದ ಹಾಗೆ, ದನಿ ಒಡೆದು. ಇನ್ನೊಂದು ಸಲ ಅದೇ ಹಾಡನ್ನು, ಪಟ್ಟಿ ಓದುವವಳ ಹಾಗೆ, ಎಲ್ಲೂ ಏರಿಸದೆ. ಆಮೇಲೆ ಮೇಷ್ಟ್ರು, "ಚೆನ್ನಾಗಿದೆ, ಆದ್ರೆ ಕೇಳೋರಿಗೆ ಹಾಡುಗಾರ್ತಿಗೆ ಹುಷಾರಿಲ್ಲ ಅನ್ನಿಸುತ್ತೆ," ಅಂದರು.

ಭಾನುವಾರ ತಮ್ಮ ಬಂದ. ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ನಿಂತಿದ್ದ. ಆಕೆ ಬಾಗಿಲ ಬಳಿ ನಿಂತು, "ಪುಟ್ಟ, ಅಮ್ಮ ಹೋದಾಗ ತಂತಿ ಯಾವಾಗ ಕೊಟ್ಟೆ ನೀನು?" ಅಂದಳು.

ಅರವತ್ತು ದಾಟಿದ, ಬೋಳು ತಲೆಯ ಪುಟ್ಟ ಹಿಂತಿರುಗಲಿಲ್ಲ. "ಸೋಮವಾರ. ಅಂಚೆ ಕಚೇರಿ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ನಿಂತಿದ್ದೆ."

"ನಂಗೆ ಹೇಳಿದ್ದು ಬುಧವಾರ ಸಂಜೆ. ಸಾಹೇಬರು ಜೇಬಲ್ಲಿ ಇಟ್ಕೊಂಡಿದ್ರಂತೆ. ಈ ವಾರ ಗೊತ್ತಾಯ್ತು."

ಅವನು ಸ್ಪಾನರನ್ನು ಕಟ್ಟೆಯ ಮೇಲೆ ಇಟ್ಟ. "ನಾನು ಸೋಮವಾರ ಮಧ್ಯಾಹ್ನ ನೀನಿದ್ದ ಹೋಟೆಲಿಗೆ ಫೋನೂ ಮಾಡಿದ್ದೆ," ಅಂದ. "ಯಾರೋ ಎತ್ತಿದ್ರು. ಅಕ್ಕನಿಗೆ ಕೊಡಿ ಅಂದೆ. 'ವಿಷಯ ತಿಳಿಸಿದ್ದೀವಪ್ಪ. ಕೆಲಸ ಮುಗಿಸಿ ಬರ್ತೀನಿ ಅಂದ್ರು. ನೀವು ಕಾಯ್ಬೇಡಿ,' ಅಂದ್ರು."

"ಕಾಯ್ಬೇಡಿ ಅಂತ ನಾನು ಹೇಳಿದೆ ಅಂದ್ರಾ?"

"ಹೂಂ."

"ಇಷ್ಟು ವರ್ಷ ನೀನು ಹಾಗೇ ಅಂದ್ಕೊಂಡಿದ್ದೆ?"

"ಹೂಂ."

"ಒಂದು ಮಾತು ಕೇಳಬಾರದಿತ್ತಾ?"

"ಏನಂತ ಕೇಳಲಿ ಅಕ್ಕ. ಯಾಕೆ ಬರಲಿಲ್ಲ ಅಂತ ಕೇಳಿದ್ರೆ ನೀನು ಯಾಕೆ ಅಂತ ಹೇಳ್ತಿದ್ದೆ. ಅದನ್ನ ಕೇಳಿಸ್ಕೊಳ್ಳೋಕೆ ನಂಗೆ ಧೈರ್ಯ ಇರಲಿಲ್ಲ." ಒರೆಸುವ ಬಟ್ಟೆ ತೆಗೆದುಕೊಂಡು ಬೆರಳು ಬೆರಳೇ ಒರೆಸಿಕೊಂಡ. "ನೀನಾದ್ರೂ ಕೇಳಬಹುದಿತ್ತಲ್ಲ."

"ನೀನು ತಡ ಮಾಡಿ ಕಳಿಸಿದೆ ಅಂದ್ಕೊಂಡಿದ್ದೆ."

"ನಾನಾ?" ಅಂದ ಅವನು, ಮೆಲ್ಲಗೆ.

ಆವತ್ತು ಅವನು ಎರಡು ಲೋಟ ಟೀ ಕುಡಿದ. ಸಾಹೇಬರನ್ನು ಬೈಯೋಣ ಅಂದರೆ ಅವರಿಲ್ಲ. ಇದ್ದಿದ್ದರೂ ಆಕೆ ಬೈಯುತ್ತಿದ್ದಳೋ ಇಲ್ಲವೋ. ನಾನೂರ ಹನ್ನೆರಡು ಮಂದಿ ಮನೆ ಸೇರಿದ್ದು ನಿಜ. ಎದ್ದು ಹೋಗುವೆಯಾ ಅಂತ ತನ್ನನ್ನೇ ಕೇಳಿದ್ದರೆ ಏನು ಅನ್ನುತ್ತಿದ್ದೆ ಅಂತ ಆಕೆ ಆ ವಾರವೆಲ್ಲ ಯೋಚಿಸಿದಳು. ಕೇಳಿರಲೇ ಇಲ್ಲ ಅನ್ನುವುದಷ್ಟೇ ಮತ್ತೆ ಮತ್ತೆ ಬರುತ್ತಿತ್ತು, ಅದೂ ದೂರದಿಂದ, ಪಕ್ಕದ ಮನೆಯ ರೇಡಿಯೋ ಹಾಗೆ.

ಐದು ತಿಂಗಳಾದ ಮೇಲೆ ಅಂಚೆಯಲ್ಲಿ ಡಿಸ್ಕ್ ಬಂತು. ಎಂಜಿನಿಯರ್ ಒಂದು ಚೀಟಿ ಇಟ್ಟಿದ್ದ: 'ಮೇಡಂ, ದನಿ ಏರಿಸದೆ ಹಾಡಿದ ಎರಡನೆಯದೇ ಚೆನ್ನಾಗಿತ್ತು. ಆದರೆ ಮೇಷ್ಟ್ರು ಮೊದಲನೆಯದನ್ನೇ ಹಾಕಿಸಿದರು.' ಭಾನುವಾರ ಅಕ್ಕ ತಮ್ಮ ಇಬ್ಬರೂ ಕಿಟಕಿಯ ಪಕ್ಕ ಕೂತು ಕೇಳಿದರು. ಅರ್ಧ ಗಂಟೆಗೇ ತಮ್ಮನಿಗೆ ಆಕಳಿಕೆ ಬಂತು.

"ಇವರು ಇಷ್ಟು ಕೂಗಾಡಿದ್ರೆ ಸಂಧಾನ ಹೆಂಗಾಗುತ್ತೆ?" ಅಂದ.

"ಸುಮ್ನೆ ಕೇಳು."

ತಂತಿ ಜೇಬಿಗೆ ಹೋಗುವ ದೃಶ್ಯ ಬಂದಾಗ ಇಬ್ಬರೂ ಅಲುಗಲಿಲ್ಲ. ಕೊನೆಯಲ್ಲಿ ದುಭಾಷಿ ಗೋಳಾಡುವ ಹಾಡು ಬಂತು. ಬಲು ದೀರ್ಘ ಹಾಡು. ಆಕೆ ಕೈ ಕಟ್ಟಿಕೊಂಡು ಕೇಳಿದಳು. ಪಕ್ಕಕ್ಕೆ ತಿರುಗಿದರೆ ತಮ್ಮನ ಗಲ್ಲದ ತನಕ ನೀರು ಇಳಿದಿತ್ತು. ಒರೆಸಿಕೊಳ್ಳಲು ಅವನಿಗೆ ತೋಚಿರಲಿಲ್ಲ. ಆಕೆ ಎದ್ದು ಒಂದು ಟವಲ್ ತಂದುಕೊಟ್ಟಳು.

"ನೀನು ಹೀಗೆ ಅಳಲಿಲ್ಲ ಅಲ್ವಾ?" ಅಂದ.

"ಇಲ್ಲ."

"ನೀನು ಬಂದ ದಿನ ನೋಡಿದ್ದೆ. ಬ್ಯಾಗ್ ಕೆಳಗಿಟ್ಟು, 'ಡಾಕ್ಟರ್ ಕೊಟ್ಟ ಮರಣದ ಚೀಟಿ ಎಲ್ಲಿ' ಅಂದೆ. ಕಲ್ಲು ಅಂದ್ಕೊಂಡೆ." ಟವಲಿನಲ್ಲಿ ಮುಖ ಒತ್ತಿ ತೆಗೆದ. "ತಪ್ಪಾಯ್ತಕ್ಕ."

ಡಿಸ್ಕ್ ಮುಗಿದು ಯಂತ್ರ ತಾನಾಗಿ ನಿಂತಿತು. ಕೆಳಗೆ ಬೀದಿಯಲ್ಲಿ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಆಕೆ, "ಹೋಗೋಕೆ ಮುಂಚೆ, ಆ ಭಾನುವಾರ ಸಂಜೆ ಅಮ್ಮ ಹೇಗಿದ್ಲು? ಯಾವತ್ತೂ ಹೇಳಲೇ ಇಲ್ಲ ನೀನು," ಅಂದಳು.

ಅವನು ಹೇಳತೊಡಗಿದ. ಸಂಜೆ ತನಕ ಎದ್ದೇ ಇದ್ದಳು. ಬಟ್ಟೆ ಮಡಿಸಿದಳು. ಅವನ ಹಳೆಯ ಷರಟಿಗೆ ಗುಂಡಿ ಹಚ್ಚಲು ಕೂತು, ಸೂಜಿಗೆ ದಾರ ಪೋಣಿಸಿಕೊಡು ಅಂತ ಕರೆದಳು. ಎದೆ ಭಾರ ಅಂದಳು, ಆದರೆ ಅಜೀರ್ಣ ಇರಬೇಕು ಅಂತ ತಾನೇ ತೀರ್ಮಾನ ಮಾಡಿದಳು. ವೈದ್ಯರು ಬೇಡ ಅಂದಳು.

"ನನ್ನ ಕೇಳಿದ್ಲಾ?"

ತಮ್ಮ ಸುಳ್ಳು ಹೇಳುವವನಲ್ಲ. ನೆನಪಿಸಿಕೊಂಡು ನೋಡಿದ. "ಇಲ್ಲಕ್ಕ. ನೀನು ಕೆಲಸದ ಮೇಲಿದ್ದೀಯ ಅಂತ ಗೊತ್ತಿತ್ತಲ್ಲ. ರೇಡಿಯೋದಲ್ಲಿ ವಾರ್ತೆ ಹಾಕು ಅಂದ್ಲು. ಮಾತುಕತೆ ಇನ್ನೂ ನಡೀತಿದೆ ಅಂತ ಹೇಳಿದ್ರು. ಅದನ್ನ ಕೇಳಿ ಮಲಗೋಕೆ ಹೋದ್ಲು."

ಆಕೆ ತಲೆಯಾಡಿಸಿದಳು. "ಗುಂಡಿ ಹಚ್ಚಿ ಮುಗಿಸಿದ್ಲಾ?" ಅಂತ ಕೇಳಿದಳು.

"ಎರಡು ಹಚ್ಚಿದ್ಲು," ಅಂದ. "ಮೂರನೇದು ಆಮೇಲೆ ನಾನೇ ಹಚ್ಕೊಂಡೆ."