ಬಿಜ್ಜರಗಿಯ ಬೋಗುಣಿಗೆ ಕಲಾಯಿ ಇತ್ತೇ?

1964ರ ಬೇಸಿಗೆ. ನಾನು ವಿಜಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದೆ. ಲೋಹದ ಮೇಲಿನ ತೆಳು ಲೇಪನವನ್ನು ವಿದ್ಯುತ್ತಿನಿಂದ ಕರಗಿಸಿ ಅಳೆಯುವುದು ನನ್ನ ಎಂ.ಎಸ್ಸಿ. ಪ್ರಬಂಧದ ವಿಷಯ. ಅದರಿಂದ ಆ ಊರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ನಾನೇ ನಂಬಿರಲಿಲ್ಲ. ಒಂದು ಮಧ್ಯಾಹ್ನ ಪೊಲೀಸ್ ಫೌಜದಾರರು ಜೀಪಿನಿಂದ ದೊಡ್ಡದೊಂದು ತಾಮ್ರದ ಬೋಗುಣಿ ಇಳಿಸಿ ಪ್ರಯೋಗಾಲಯದ ಮೇಜಿನ ಮೇಲೆ ಇಡಿಸಿದರು.

ಬಿಜ್ಜರಗಿಯ ಗೌರವ್ವ ಎಂಬಾಕೆಯ ಮನೆಯಲ್ಲಿ ಸೊಸೆಯ ಕುಬಸ, ಅಂದರೆ ಸೀಮಂತ, ನಡೆದಿತ್ತು. ಹೋಳಿಗೆ ಊಟದ ಮರುದಿನ, ಅದೇ ಬೋಗುಣಿಯಲ್ಲಿ ಉಳಿದಿದ್ದ ಕಟ್ಟಿನ ಸಾರು ಉಂಡವರೆಲ್ಲ ವಾಂತಿ ಮಾಡಿಕೊಂಡರು. ಏಳು ತಿಂಗಳ ಬಸುರಿ ಸೊಸೆ ವಿಜಾಪುರದ ಆಸ್ಪತ್ರೆ ಸೇರಿದ್ದಳು. ಬೋಗುಣಿ ಹೊಚ್ಚ ಹೊಸದು. ಗಾಂಧಿ ಚೌಕದ ಬಳಿಯ ಕಲಾಯಿಗಾರ ಹುಸೇನಸಾಬ ಊರಿಗೇ ಹೋಗಿ ಅದರ ಒಳಮೈಗೆ ತವರ ಬಳಿದು ಮೊದಲ ಕಲಾಯಿ ಹಾಕಿದ್ದ. ಈಗ ಅವನನ್ನು ಠಾಣೆಯಲ್ಲಿ ಕೂರಿಸಿದ್ದರು.

"ತವರದಾಗ ಸೀಸಾ ಬೆರಸ್ಯಾನ್ರಿ ಅಂವ. ನೀವು ಹೌದಂತ ಬರದು ಕೊಟ್ರ ಮುಗದಂಗ ನೋಡ್ರಿ," ಎಂದರು ಫೌಜದಾರರು.

"ಸೀಸಾ ಇರಲಿಲ್ಲಂದ್ರ?"

"ಹಂಗಾರ ತಳಕ್ಕ ಕಲಾಯಿನ ಹಾಕಿಲ್ಲ. ನೀವ ನೋಡ್ರಲಾ."

ನೋಡಿದೆ. ಕಂಠದ ಹತ್ತಿರ ಬೆಳ್ಳಗೆ ಹೊಳೆಯುತ್ತಿದ್ದ ಪಾತ್ರೆಯ ತಳ ಮಾತ್ರ ಮಂಕಾಗಿತ್ತು, ಅಲ್ಲಲ್ಲಿ ತಾಮ್ರ ಇಣುಕುತ್ತಿತ್ತು. ಕಾಣುವ ಕಡೆ ಬಳಿದು ಕಾಣದ ಕಡೆ ತವರ ಉಳಿಸಿಕೊಂಡಿದ್ದಾನೆಂದು ನನಗೂ ಅನುಮಾನ ಬಂತು.

ಮೊದಲು ತಳದಲ್ಲಿ ಅಂಟಿದ್ದ ಸಾರಿನ ತಿಳಿಗೆ ಅಮೋನಿಯಾ ಹಾಕಿದೆ. ಕಡುನೀಲಿಯಾಯಿತು. ಹುಣಸೆಹುಳಿ ರಾತ್ರಿಯೆಲ್ಲ ತಾಮ್ರವನ್ನು ತಿಂದಿತ್ತು. ವಾಂತಿಗೆ ಅದೇ ಕಾರಣ. ಕಂಠದ ಕಲಾಯಿ ಕೆರೆದು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ ಸೋಸಿದೆ. ಸೀಸವಿದ್ದರೆ ಆ ದ್ರವಕ್ಕೆ ಕ್ರೋಮೇಟ್ ಹಾಕಿದಾಗ ಹಳದಿ ಗಸಿ ಇಳಿಯಬೇಕು. ಇಳಿಯಲಿಲ್ಲ. ತವರ ಶುದ್ಧವಾಗಿತ್ತು.

ಉಳಿದದ್ದು ತಳದ ಪ್ರಶ್ನೆ. ಬಿಸಿ ತಾಮ್ರದ ಮೇಲೆ ತವರ ಕರಗಿದಾಗ ಎರಡು ಪದರ ಉಂಟಾಗುತ್ತವೆ: ಮೇಲೆ ಬರೀ ತವರ, ಕೆಳಗೆ ತವರ-ತಾಮ್ರ ಬೆರೆತ ತೀರ ತೆಳುವಾದ ಮಿಶ್ರಲೋಹ. ಜೇನುಮೇಣದಿಂದ ಒಳಮೈಗೆ ಒಂದು ಪುಟ್ಟ ಉಂಗುರ ಕಟ್ಟಿ, ಅದರೊಳಗೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ತುಂಬಿದೆ. ಬ್ಯಾಟರಿಯ ಧನ ತುದಿಯನ್ನು ಪಾತ್ರೆಗೆ, ಋಣ ತುದಿಯನ್ನು ಆಸಿಡ್‌ನಲ್ಲಿ ಅದ್ದಿದ ಇಂಗಾಲದ ಕಡ್ಡಿಗೆ ಜೋಡಿಸಿ ಒಂದೇ ಸಮನೆ ಕರೆಂಟ್ ಹರಿಸಿದೆ. ಪದರ ಕರಗುತ್ತಿರುವಷ್ಟು ಹೊತ್ತು ವೋಲ್ಟೇಜ್ ಮೀಟರಿನ ಮುಳ್ಳು ಹೆಚ್ಚುಕಡಿಮೆ ಒಂದೆಡೆ ನಿಲ್ಲುತ್ತದೆ. ಪದರ ಮುಗಿದೊಡನೆ ಜಿಗಿಯುತ್ತದೆ.

ಕಂಠದಲ್ಲಿ ಮುಳ್ಳು ಬಹಳ ಹೊತ್ತು ನಿಂತು ಜಿಗಿಯಿತು, ಮತ್ತೆ ತುಸು ನಿಂತು ಇನ್ನೊಮ್ಮೆ ಜಿಗಿಯಿತು. ತಳದ ಮಂಕು ಭಾಗದಲ್ಲಿ ಮೊದಲ ನಿಲುಗಡೆಯೇ ಇಲ್ಲ. ಆದರೆ ಎರಡನೆಯದು ಇತ್ತು! ಉಂಗುರ ಬೇರೆಡೆ ಕಟ್ಟಿದೆ, ಹೊಸ ಆಸಿಡ್ ಹಾಕಿದೆ. ಮತ್ತೂ ಅದೇ. ಹೊಸ ಪಾತ್ರೆಯ ತಳದಲ್ಲಿ ಮಿಶ್ರಲೋಹ ಇರಬೇಕಾದರೆ ಅಲ್ಲಿ ತವರ ಕರಗಿರಲೇಬೇಕು. ಅಂದರೆ ಹುಸೇನಸಾಬ ಕಲಾಯಿ ಹಾಕಿದ್ದ. ಆಮೇಲೆ ಯಾರೋ ತೆಗೆದಿದ್ದರು. ಬೆಳಕಿಗೆ ಹಿಡಿದಾಗ ತಳದ ತುಂಬ ಗುಂಡಗಿನ ಗೀರುಗಳು ಕಂಡವು.

"ಕಲಾಯಿ ಆದ ಮ್ಯಾಲ ಅದನ್ನ ಯಾರೂ ಮುಟ್ಟಿಲ್ಲಂತ ಗೌರವ್ವ ಹೇಳ್ಯಾಳಲ್ರಿ," ಎಂದರು ಫೌಜದಾರರು. ನನ್ನ ಯಂತ್ರಕ್ಕಿಂತ ಆಕೆಯ ಮಾತಿನ ಮೇಲೆ ಅವರಿಗೆ ನಂಬಿಕೆ. ಕಲಾಯಿಗಾರನ ಕಡೆಯವರು ನನ್ನನ್ನು ಕಂಡಿದ್ದಾರೆಯೇ ಎಂದೂ ಕೇಳಿದರು. ಇಲ್ಲವೆಂದೆ. ನಂಬಿದಂತೆ ಕಾಣಲಿಲ್ಲ. ಕೊನೆಗೆ ಇಬ್ಬರೂ ತಿಕೋಟಾ ದಾಟಿ ಬಿಜ್ಜರಗಿಗೆ ಹೋದೆವು.

ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆಯಲಿಲ್ಲ. ನಾನು ಗೀರುಗಳ ಬಗ್ಗೆ ಕೇಳಿದೆ.

"ನನಗೇನ ಗೊತ್ತರಿ?"

"ಕರಿ ಬಿದ್ದಿತ್ತೇನವ್ವಾ ತಳಕ್ಕ?" ಎಂದೆ. ಹೊಸ ಕಲಾಯಿಯ ಮೇಲೆ ಒಮ್ಮೊಮ್ಮೆ ಮಸಿ ಉಳಿಯುತ್ತದೆ, ಅದನ್ನು ತೆಗೆಯಲು ತಿಕ್ಕಿರಬಹುದೆಂದು ನನ್ನ ಊಹೆ.

ಆಕೆ ಫೌಜದಾರರನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗು ಬಾಯಿಗೆ ಹೋಯಿತು.

"ಬಿದ್ದಿತ್ರಿ. ಅಂವ ಎಂಥಾದ್ದೋ ಪುಡಿ ಉಗ್ಗಿ ಹೊಗಿ ಎಬ್ಬಿಸಿದ್ದ. ಬಸುರಿ ಉಣ್ಣೂ ಭಾಂಡೆ, ಹ್ಯಾಂಗ ನಂಬಲಿ? ಇಟ್ಟಂಗಿ ಪುಡಿ, ಮರಳು ಹಾಕಿ ಕರಿ ಹೋಗೂತನಕ ತಿಕ್ಕಿಸಿದೆ."

"ಮತ್ತ ಯಾಕ ಹೇಳಲಿಲ್ಲ?" ಎಂದರು ಫೌಜದಾರರು.

"ಹ್ಯಾಂಗ ಹೇಳಲ್ರಿ ಯಪ್ಪಾ? ಸೊಸಿ ತವರಮನಿಯವರು ಬಬಲೇಶ್ವರದಿಂದ ಬಂದು, ಅತ್ತೀನ ಏನೋ ಹಾಕ್ಯಾಳಂತ ದವಾಖಾನ್ಯಾಗ ನಿಂತು ಒದರಾಕತ್ತಿದ್ರು."

ಆ ಪುಡಿ ನವಸಾಗರ, ತವರ ಹಿಡಿಯಲೆಂದು ಎಲ್ಲ ಕಲಾಯಿಗಾರರೂ ಉದುರಿಸುವಂಥದ್ದು. ಕರಿ ಬರೀ ಮಸಿ. ಆಕೆ ಸೊಸೆಯ ಮೇಲಿನ ಕಾಳಜಿಯಿಂದಲೇ ಸೊಸೆಗಿದ್ದ ರಕ್ಷಣೆಯನ್ನು ತಿಕ್ಕಿಸಿ ತೆಗೆದಿದ್ದಳು. ಅದನ್ನು ವಿವರಿಸಿದಾಗ ಗೌರವ್ವ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಫೌಜದಾರರು ಮೊದಲ ಬಾರಿಗೆ ಟೋಪಿ ತೆಗೆದರು.

ಅಂದೇ ಸಂಜೆ ಹುಸೇನಸಾಬನನ್ನು ಬಿಟ್ಟರು. ಸೊಸೆ ಚೇತರಿಸಿಕೊಂಡು ದಿನ ತುಂಬಿದ ಮೇಲೆ ಹೆಣ್ಣುಮಗುವನ್ನು ಹೆತ್ತಳು. ಗಾಂಧಿ ಚೌಕದ ಸುತ್ತ ಮಾತ್ರ ಹುಸೇನಸಾಬನ ಗಿರಾಕಿಗಳು ಬಹಳ ಕಾಲ ಪಾತ್ರೆಗಳನ್ನು ಬೇರೆ ಕಡೆ ಒಯ್ದರು. ಠಾಣೆಗೆ ಹೋದದ್ದು ಎಲ್ಲರಿಗೂ ಗೊತ್ತಿತ್ತು, ಬಿಟ್ಟದ್ದು ಯಾಕೆಂದು ಯಾರೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಅವನ ಭಟ್ಟಿಯ ಮುಂದೆ ಹಾದು ಹೋಗುವಾಗ ಗೌರವ್ವನನ್ನು ಕಂಡೆ. ಬೋಗುಣಿಯನ್ನು ತಾನೇ ತಂದಿದ್ದಳು. ಅವನು ತಳವನ್ನು ಬೆರಳಿಂದ ಸವರಿ ನೋಡಿ, "ಹಾಕಿ ಕೊಡತೀನ್ರಿ ಅವ್ವಾರ. ಚಲೋ ಹಾಕಿ ಕೊಡತೀನಿ. ಆದರ ಇನ್ನ ನಿಮ್ಮೂರಿಗೆ ಬರಂಗಿಲ್ರಿ," ಎಂದ.

ಮುಂದೆ ಎಷ್ಟೋ ಲೇಪನಗಳನ್ನು ಅಳೆದೆ. ಬರಿದಾದ ಮೇಲ್ಮೈ ಕಂಡಾಗಲೆಲ್ಲ, ಇಲ್ಲಿ ಏನನ್ನು ಹಾಕಲಿಲ್ಲ ಎಂದು ಕೇಳುವ ಮೊದಲು ಇಲ್ಲಿಂದ ಏನು ಹೋಯಿತು ಎಂದು ಕೇಳುವುದನ್ನು ಆ ಬೋಗುಣಿ ನನಗೆ ಕಲಿಸಿತು. ಹೋದ ತವರವನ್ನು ಅಳೆಯಲು ನನ್ನಲ್ಲಿ ಉಪಕರಣವಿತ್ತು. ಹುಸೇನಸಾಬನಿಂದ ಹೋದದ್ದನ್ನು ಅಳೆಯಲು ಇರಲಿಲ್ಲ.