ಅವ್ವ ನನಗೆ ಹೇಳದ ಹಾಡು

ನನ್ನ ತಂಗಿಯ ಹಾಡು ಈಗ ವಾಡಿ ಸ್ಟೇಷನ್ನಿನ ಆಟೋಗಳಲ್ಲೂ ಕೇಳಿಸುತ್ತದೆ. ಅದರಲ್ಲಿ ಕಾಗಿಣಾ ನದಿಯ ತುಂಬ ಚಹಾ ಹರಿಯುತ್ತದೆ, ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲುಗಳು ಹಪ್ಪಳದಂತೆ ಉಬ್ಬಿ ಹಾರುತ್ತವೆ, ಬಳೆ ತೊಟ್ಟ ರೈಲೊಂದು ತವರಿಗೆ ಹೊರಡುತ್ತದೆ. ಹಲಗಿ, ಗಿಟಾರು, ನಡುವೆ ನೀರೊಳಗಿಂದ ಬಂದಂಥ ಅವಳ ದನಿ. ಮಕ್ಕಳು ಕುಣಿಯುತ್ತಾರೆ. ಕಾಲೇಜು ಹುಡುಗರು ಇದೆಲ್ಲ ನಶೆಯ ಮಾತು ಎಂದು ಪಿಸುಗುಡುತ್ತಾರೆ. ಸೇಡಂನ ಕಾರ್ಯಕ್ರಮದಲ್ಲಿ ಒಬ್ಬರು ಎದ್ದುನಿಂತು ಹಾಡಿನ ಅರ್ಥವನ್ನೇ ಕೇಳಿದರು.

"ಅರ್ಥ ನನಗೂ ಗೊತ್ತಿಲ್ರಿ. ನಮ್ಮವ್ವ ಜ್ವರದಾಗ ಹೇಳಿದ್ದು. ನಾ ರಾಗ ಹಚ್ಚೀನಿ, ಅಷ್ಟೇ," ಎಂದಳು ತಂಗಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕೈ ಏಳಲಿಲ್ಲ.

ಅವ್ವ ಡೆಂಗಿ ಬಂದು ಮಲಗಿದಾಗ, ಚಿತ್ತಾಪುರದ ನಮ್ಮ ಮನೆಯಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನು. ಗಂಜಿ ಕುಡಿಸಿ, ಸೀರೆ ಬದಲಿಸಿ, ಶಾಲೆಯ ಕೆಲಸಕ್ಕೆ ರಜೆ ಹಾಕಿ ಕೂತವಳೂ ನಾನೇ. ತಂಗಿ ಬಂದದ್ದು ಒಂದು ಮಧ್ಯಾಹ್ನ. ನಾನು ಔಷಧಿ ತರಲು ಹೋದಷ್ಟು ಹೊತ್ತು ಅವಳು ಅವ್ವನ ಹತ್ತಿರ ಒಬ್ಬಳೇ ಇದ್ದಳು. ಅಷ್ಟರಲ್ಲೇ ಅವಳಿಗೆ ನದಿ, ಕಲ್ಲು, ರೈಲು ಎಲ್ಲ ಸಿಕ್ಕವು. ನನಗೆ ಸಿಕ್ಕದ್ದು "ನೀರು ಕೊಡು" ಎಂಬ ಮಾತು. ಜ್ವರದಲ್ಲೂ ಅವ್ವ ಒಳ್ಳೆಯದನ್ನೆಲ್ಲ ಸಣ್ಣವಳಿಗೇ ಎತ್ತಿಟ್ಟಳಲ್ಲ ಎಂದು ಹೊಟ್ಟೆ ಉರಿಯಿತು.

ಕಾರ್ಯಕ್ರಮದ ಮರುದಿನ ಅವ್ವ ಜೋಳದ ಹಿಟ್ಟು ನಾದುತ್ತಿದ್ದಾಗ ಕೇಳಿಯೇಬಿಟ್ಟೆ. "ಜ್ವರದಾಗ ಅಕಿಗಿ ಅಷ್ಟೆಲ್ಲ ಹೇಳ್ದಿ. ನನಗ್ಯಾಕ ಒಂದೂ ಹೇಳ್ಲಿಲ್ಲ?"

"ಅವತ್ತ ಜ್ವರ ಇಳದಿತ್ತು," ಎಂದಳು ಅವ್ವ. "ನನ್ನ ಮಾರಿ ನೋಡಿ ಅಕಿ ಅಳಕೋತ ಕುಂತಳು. ನಗಸಬೇಕಂತ ಬಾಯಿಗಿ ಬಂದಿದ್ದು ಹೇಳ್ದೆ. ಸಣ್ಣಾಕಿ ಇದ್ದಾಗೂ ಹಂಗೇ ಸುಮ್ಮನಾಗ್ತಿದ್ಲು."

"ನಾ ಅಳಲಿಲ್ಲಂತ ನನಗ ಹೇಳ್ಲಿಲ್ಲೇನು?"

ಅವ್ವ ಹಿಟ್ಟಿನ ಕೈ ಹಾಗೇ ಹಿಡಿದು ನನ್ನನ್ನು ನೋಡಿದಳು. "ನೀ ಬಾಜೂಕ ಇದ್ರ ನನಗ ನಿದ್ದಿ ಬರ್ತಿತ್ತವ್ವ."

ಆ ಮಾತು ಹಿತವಾಯಿತು. ಆದರೂ ಪೂರ್ತಿ ಸಮಾಧಾನವಾಗಲಿಲ್ಲ. ನಿದ್ದೆಗೆ ಯಾರು ಚಪ್ಪಾಳೆ ತಟ್ಟುತ್ತಾರೆ? "ನನಗೂ ಒಂದು ಹೇಳು," ಎಂದೆ, ತಲೆ ನೆರೆತ ನಾನು. ಅವ್ವ ರೊಟ್ಟಿ ಬಡಿಯುತ್ತಲೇ, ಮಳಖೇಡದ ಕೋಟೆ ಉಡಿ ತುಂಬಿಸಿಕೊಳ್ಳಲು ನಮ್ಮ ಮನೆಗೆ ಬಂದ ಕಥೆ ಹೇಳಿದಳು. ನಕ್ಕು ನಕ್ಕು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಹೊಸ ಹಾಡಿಗೆ ಅವ್ವ ಏನಾದರೂ ಹೇಳಿದಳಾ ಎಂದು ತಂಗಿ ಆಗಾಗ ಫೋನಿನಲ್ಲಿ ಕೇಳುತ್ತಾಳೆ. ಏನೂ ಇಲ್ಲ ಎನ್ನುತ್ತೇನೆ.