ಅಳಿವೆಯ ಗೆರೆಯಲ್ಲಿ ಮಾವನ ಸ್ವರ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರ್ಧ ಓದಿದ ಮೇಲೆ ನೀವಾಗಿ ಕಂಡುಹಿಡಿದು ಬೈಯುವುದಕ್ಕಿಂತ ಅದು ಮರ್ಯಾದೆ. ತೀರಿಹೋದ ಸೋದರಮಾವನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕುಳಿತು, ಅವರದೇ ಸ್ವರದಲ್ಲಿ ಅವರ ಹೆಂಡತಿಯನ್ನು ಕರೆದವನು ನಾನು.

ಇನ್ನೊಂದು ಮಾತು. ಸತ್ತವರು ಕರೆದರು, ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು ಎಂಬಂಥ ಕಥೆಗಳನ್ನು ನಾನು ಯಾವತ್ತೂ ನಂಬಿದವನಲ್ಲ. ಹೇಳುವವರ ಎದುರೇ ಅವರ ಹೆದರಿದ ಸ್ವರವನ್ನು ಅನುಕರಿಸಿ, ಅವರನ್ನೇ ನಗಿಸಿ ಕಳುಹಿಸುತ್ತಿದ್ದೆ. ಮೂಡುಬಿದಿರೆ ಕಡೆಯ ಮದುವೆ ಹಾಲ್‌ಗಳಲ್ಲಿ ಮೈಕ್ ಹಿಡಿದು ನಿರೂಪಣೆ ಮಾಡುವುದು ನನ್ನ ಉದ್ಯೋಗ. ನಡುನಡುವೆ ಮಿಮಿಕ್ರಿ. ಬಸ್ಸಿನ ಕಂಡಕ್ಟರು, ಕುಕ್ಕರಿನ ಸೀಟಿ, ವರನ ದೊಡ್ಡಪ್ಪನ ಕೆಮ್ಮು, ಹುಡುಗಿ ನೋಡಲು ಹೋಗಿ ತೊದಲುವ ನಾನು, ಯಾರನ್ನೂ ಬಿಟ್ಟಿಲ್ಲ.

ಮಾವನದು ಮಡಂತ್ಯಾರಿನಲ್ಲಿ ಮನೆ, ಬಂಟ್ವಾಳದಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ. ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಬರುವಾಗ ಆ ನೀರಿಗೆ ಪಟಿಕ ಹಾಕಿ ಮಣ್ಣು ಕೂರಿಸುವುದು ಅವರ ಕಸುಬು. ಮೂವತ್ತು ವರ್ಷ ಅದನ್ನೇ ಮಾಡಿದ ಮನುಷ್ಯನಿಗೆ ಒಂದು ಚಟ ಅಂಟಿತ್ತು. ಎಲ್ಲೇ ಹೋಗಲಿ, ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡದೆ ಕುಡಿಯುತ್ತಿರಲಿಲ್ಲ. "ಸುಮತೀ, ಒಂದು ಗ್ಲಾಸ್ ನೀರು ತಾ, ನೋಡುವ" ಎಂದು ಅತ್ತೆಗೆ ಹೇಳುತ್ತಿದ್ದರೇ ಹೊರತು "ಕುಡಿಯುವ" ಎಂದದ್ದನ್ನು ನಾನು ಕೇಳಿಲ್ಲ.

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರಿನ ಬಣ್ಣ ಯಾಕೆ ಬದಲಾಗುತ್ತದೆ ಎಂದು ಅವರನ್ನು ಕೇಳಬಾರದಿತ್ತು. ಕೇಳಿದರೆ ಅರ್ಧ ಗಂಟೆ ಹೋಯಿತು. "ನೀರಿನ ಬಣ್ಣ ಬದಲಾಗುವುದಿಲ್ಲ ಮಾರಾಯ. ಮಣ್ಣು ಇಳಿಯುವುದು. ಹೊಳೆಯಲ್ಲಿ ಮಣ್ಣಿನ ಕಣಗಳು ಪಾಲಿಗಾಗಿ ಜಗಳ ಆದ ಅಣ್ಣತಮ್ಮಂದಿರ ಹಾಗೆ, ಒಂದನ್ನೊಂದು ಹತ್ತಿರ ಬಿಡುವುದಿಲ್ಲ. ಉಪ್ಪು ಸಿಕ್ಕಿದ ಕೂಡಲೇ ಎಲ್ಲ ಒಟ್ಟಾಗಿ, ಮುದ್ದೆ ಕಟ್ಟಿ, ಅಡಿಗೆ ಕೂರ್ತವೆ. ಸಮುದ್ರ ಅಂದ್ರೆ ದೇವರು ಕಟ್ಟಿಸಿದ ಟ್ಯಾಂಕಿ." ತಾನು ಸತ್ತರೆ ಅಸ್ಥಿಯನ್ನು ಎರಡು ಬಣ್ಣ ಕೂಡುವ ಆ ಅಳಿವೆಯ ಗೆರೆಯಲ್ಲೇ ಬಿಡಬೇಕೆಂದೂ ಹೇಳಿದ್ದರು. ನಾನು ಅದಕ್ಕೂ ನಕ್ಕಿದ್ದೆ.

ಜಡಿಮಳೆಯ ಆಟಿ ತಿಂಗಳಲ್ಲಿ ಮಾವ ಎದೆನೋವಿನಿಂದ ಹೋದರು. ಬೊಜ್ಜದ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ ಒಂದಿಬ್ಬರು "ಮಾವನದ್ದು ಒಂದು ಬಿಡು, ನೋಡುವ" ಎಂದು ಚುಚ್ಚಿದರು. ಬಿಟ್ಟೆ. "ಸುಮತೀ, ಒಂದು ಗ್ಲಾಸ್ ನೀರು ತಾ, ನೋಡುವ."

ಒಳಗಿನಿಂದ ಅತ್ತೆ ಓಡಿ ಬಂದರು. ಕೈಯಲ್ಲಿ ನೀರಿನ ಗ್ಲಾಸು. "ಬತ್ತರಾ?" ಎಂದು ಕೇಳಿದರು, ಬಂದಿರಾ ಎಂದು. ಪಂಕ್ತಿಯಲ್ಲಿ ಅಷ್ಟೂ ಕೈಗಳು ಎಲೆಯ ಮೇಲೆ ನಿಂತುಹೋದವು. ಅತ್ತೆಯ ಕಣ್ಣು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿ, ನನ್ನ ಮುಖದ ಹತ್ತಿರ ಬಂದು ನಿಂತಿತು. ಬೈದಿದ್ದರೆ ಬದುಕುತ್ತಿದ್ದೆ. ಅತ್ತೆ ಆ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು. ಅವತ್ತಿನಿಂದ ನನ್ನೊಡನೆ ಮಾತಿಲ್ಲ. ನನ್ನ ಅಮ್ಮನಿಗೂ ತವರಿನ ಬಾಗಿಲು ಅರ್ಧ ಮುಚ್ಚಿತು, ನನ್ನ ದೆಸೆಯಿಂದ. ಮಾವನ ಮಗಳು ರಕ್ಷಿತಾ ಮೊದಲು ಭಾವ ಎನ್ನುತ್ತಿದ್ದವಳು, ಈಗ "ಓಯ್" ಎನ್ನಲು ಶುರುಮಾಡಿದಳು.

ಆಟಿಯಲ್ಲಿ ಅಳಿವೆಗೆ ದೋಣಿ ಇಳಿಯುವುದಿಲ್ಲ. ಅಸ್ಥಿಯ ಚಿಕ್ಕ ಮಡಕೆ ಬಿಳಿ ಬಟ್ಟೆ ಸುತ್ತಿಕೊಂಡು ಹಿತ್ತಿಲ ಮರದಲ್ಲಿ ನೇತಾಡುತ್ತಾ ಕಾಯಿತು. ಕಡಲು ತಣಿದ ಮೇಲೆ, ಬೇರೆ ಯಾರ ಗಾಡಿಯೂ ಸಿಗದೆ, ಬೇರೆ ದಾರಿಯೇ ಇಲ್ಲದೆ ನನ್ನನ್ನು ಕರೆದರು. ನಾನು ನನ್ನ ಮನೆಯಿರುವ ಲಾಯಿಲದಿಂದ ಓಮ್ನಿ ತೆಗೆದುಕೊಂಡು ಬೆಳಿಗ್ಗೆ ಏಳಕ್ಕೇ ಹಾಜರಾದೆ. ಅಸ್ಥಿ ಬಿಟ್ಟ ಕೂಡಲೇ ದೋಣಿಯಲ್ಲೇ ಅತ್ತೆಯ ಕಾಲು ಹಿಡಿಯುವುದೆಂದು ತೀರ್ಮಾನಿಸಿದ್ದೆ. ಕ್ಷಮೆ ಕೇಳುವ ಮಾತನ್ನು ಕನ್ನಡಿಯ ಎದುರು ಹತ್ತು ಜನರ ಸ್ವರದಲ್ಲಿ ಹೇಳಿ ನೋಡಿದ್ದೆ. ನನ್ನ ಸ್ವರದಲ್ಲಿ ಮಾತ್ರ ಅದು ಸುಳ್ಳಿನ ಹಾಗೆ ಕೇಳುತ್ತಿತ್ತು.

ದಾರಿಯುದ್ದಕ್ಕೂ ಅತ್ತೆ ಮಾತಾಡಿದ್ದು ಮಗಳ ಮೂಲಕ. "ಅವನಿಗೆ ಹೇಳು, ಹೊಂಡ ನೋಡಿ ಓಡಿಸ್ಲಿಕ್ಕೆ. ನನ್ನ ಮಡಿಲಲ್ಲಿ ಮನುಷ್ಯ ಇದ್ದಾರೆ."

"ಓಯ್, ಕೇಳಿತಾ?" ರಕ್ಷಿತಾ ಅಂದಳು.

"ಕೇಳಿತು."

"ಅವನಿಗೆ ಹೇಳು, ಉತ್ತರ ಕೊಡುವುದು ಬೇಡ ಅಂತ."

ಬಿ.ಸಿ. ರೋಡಿನಲ್ಲಿ ಅವರು ಗಾಡಿಯಿಂದ ಇಳಿಯಲಿಲ್ಲ. ನಾನು ಮಾತ್ರ ನಾಚಿಕೆಯಿಲ್ಲದೆ ಇಳಿದು ನಾಲ್ಕು ಬನ್ಸ್ ತಿಂದೆ. ಈ ನಾಲ್ಕು ಬನ್ಸ್ ಈಗ ನನ್ನ ಪಾಲಿನ ಏಕೈಕ ಸಾಕ್ಷಿ. ಯಾಕೆಂದು ಹೇಳುತ್ತೇನೆ.

ದೋಣಿಯ ಕೇಶವಣ್ಣನಿಗೂ ನಮ್ಮನ್ನು ಕಂಡರೆ ಆಗಲಿಲ್ಲ. "ಘಟ್ಟದ ಬುಡದವರು ದೋಣಿಯಲ್ಲಿ ಎದ್ದು ನಿಲ್ಲಬಾರದು" ಎಂದು ಮೊದಲೇ ಗದರಿಸಿದ. ಅಳಿವೆಗೆ ಬಂದಾಗ ಯಂತ್ರ ನಿಲ್ಲಿಸಿ, "ಅಗೋ, ನಿಮ್ಮ ಹೊಳೆ ಮುಗಿಯಿತು" ಎಂದ.

ನಿಜವಾಗಿಯೂ ಮುಗಿದಿತ್ತು. ಈಚೆ ನಮ್ಮ ಮಣ್ಣಿನ ಕೆಂಪು ನೀರು, ಆಚೆ ಹಸಿರು. ನಡುವೆ ಗೆರೆ ಎಳೆದ ಹಾಗೆ ನೊರೆ. ಮೇಲಿನ ಊರುಗಳಿಂದ ಬಂದ ತೆಂಗಿನ ಸಿಪ್ಪೆ, ಕಡ್ಡಿ, ಒಂದು ಚಪ್ಪಲಿ, ಎಲ್ಲ ಆ ಗೆರೆಯಲ್ಲೇ ಸಾಲಾಗಿ ನಿಂತಿದ್ದವು. ಎರಡು ನೀರು ಮುಖ ಕೊಟ್ಟು ನಿಂತ ರೀತಿಯಲ್ಲಿ ಸ್ನೇಹ ಇರಲಿಲ್ಲ. ದೋಣಿ ತೂಗತೊಡಗಿತು. ನಾನು ಹಿಂದಿನ ತುದಿಗೆ ಸರಿದು ಅಂಚು ಹಿಡಿದೆ.

ಅತ್ತೆ ಬಟ್ಟೆ ಬಿಚ್ಚಿ ಮಡಕೆ ಬಗ್ಗಿಸಿದರು. ಬೂದಿ ಮುಳುಗಲಿಲ್ಲ. ನೊರೆಯ ಮೇಲೆ ಬೂದುಬಣ್ಣದ ಕೆನೆಯ ಹಾಗೆ ಹರಡಿ, ದೋಣಿಗೇ ಅಂಟಿಕೊಂಡಿತು. ಅತ್ತೆ ಗಾಬರಿಯಾಗಿ ಕೈ ಹಾಕಿ ನೀರು ಕಲಕತೊಡಗಿದರು. ಅದೇ ಹೊತ್ತಿಗೆ ನಾನು ಹಿಂದಿನ ತುದಿಯಲ್ಲಿ ಬಗ್ಗಿ, ತಿಂದ ಬನ್ಸನ್ನೆಲ್ಲ ಸಮುದ್ರಕ್ಕೆ ಒಪ್ಪಿಸುತ್ತಿದ್ದೆ. ಆಗ ಕೇಳಿತು.

"ಕಲಕಬೇಡ ಸುಮತೀ. ಅದರಷ್ಟಕ್ಕೇ ಕೂರ್ತದೆ."

ಮಾವನ ಸ್ವರ. ಮಾತಿನ ಕೊನೆಯಲ್ಲಿ ಅವರು ಮೂಗಿನಿಂದ ಬಿಡುತ್ತಿದ್ದ ಸಣ್ಣ ಉಸಿರೂ ಇತ್ತು. ಜೋರಾಗಿರಲಿಲ್ಲ. ಪಕ್ಕದಲ್ಲಿ ಕುಳಿತವರು ಹೇಳಿದಷ್ಟೇ.

ನಾನು ತಲೆ ಎತ್ತುವಷ್ಟರಲ್ಲಿ ರಕ್ಷಿತಾ ನನ್ನ ಬೆನ್ನಿಗೆ ಗುದ್ದಿದ್ದಳು. "ಇಲ್ಲಿಯೂನಾ? ನಾಯಿಗಾದರೂ ಇಷ್ಟು ಹೊತ್ತಿಗೆ ಬುದ್ಧಿ ಬರ್ತಿತ್ತು!" ಕೇಶವಣ್ಣ ಹುಟ್ಟು ಎತ್ತಿ ಹಿಡಿದಿದ್ದ. "ಇದು ಅಳಿವೆ. ಇಲ್ಲಿ ಎಂಥ ಆಟ ನಿನ್ನದು? ನೀರಿಗೆ ಹಾಕ್ತೇನೆ ನೋಡು."

ನೀವೇ ಹೇಳಿ, ವಾಂತಿ ಮಾಡುತ್ತಾ ಯಾರಾದರೂ ಮಿಮಿಕ್ರಿ ಮಾಡಲು ಸಾಧ್ಯವೇ? ಆಮೇಲೆ ಮನೆಯಲ್ಲಿ ಬಾಯಿ ತುಂಬ ನೀರು ತುಂಬಿಕೊಂಡು ಪ್ರಯತ್ನಿಸಿ ನೋಡಿದ್ದೇನೆ. ಆಗುವುದಿಲ್ಲ. ಹಾಗಾದರೆ ಯಾರು? ಹತ್ತಿರ ಬೇರೆ ದೋಣಿ ಇರಲಿಲ್ಲ. ಸ್ವರ ನನ್ನ ಕಡೆಯಿಂದಲೇ ಬಂತೆಂದು ರಕ್ಷಿತಾ ಈಗಲೂ ಆಣೆ ಹಾಕುತ್ತಾಳೆ. ಮುಂದಿನ ತುದಿಯಿಂದ ಬಂತೆಂದು ಕೇಶವಣ್ಣ ದಡದಲ್ಲಿ ಒಮ್ಮೆ ಹೇಳಿದ. ಮತ್ತೊಮ್ಮೆ ಕೇಳಲು ಹೋದರೆ ತಾನು ಏನೂ ಕೇಳಿಲ್ಲವೆಂದು ಬಲೆ ಬಿಡಿಸುತ್ತಾ ಕುಳಿತ. ಇನ್ನೂ ಒಂದು ಅನುಮಾನ ಉಂಟು, ಅದನ್ನು ಯಾರಿಗೂ ಹೇಳಿಲ್ಲ. ಇಷ್ಟು ವರ್ಷ ಕಂಡವರ ಸ್ವರವನ್ನೆಲ್ಲ ಕದ್ದ ಗಂಟಲು ನನಗೆ ಗೊತ್ತಿಲ್ಲದೆ ತಾನೇ ಮಾತಾಡಿತೇ? ಹಾಗಿದ್ದರೆ ಅದು ದೆವ್ವಕ್ಕಿಂತ ಕೆಟ್ಟದ್ದು. ಈಗ ಮಾವನ ಸ್ವರ ತೆಗೆಯಲು ನಾನು ಯತ್ನಿಸುವುದೂ ಇಲ್ಲ.

ಅವತ್ತು ಬಾಯಿ ಒರೆಸಿಕೊಂಡು, ಕಲಿತ ಮಾತುಗಳನ್ನೆಲ್ಲ ಮರೆತು, "ದೇವರಾಣೆ ಅತ್ತೆ, ನಾನಲ್ಲ, ಈ ಸಲ ನಾನಲ್ಲ" ಎಂದು ಅತ್ತುಬಿಟ್ಟೆ. ಅತ್ತೆ ನೀರಿನಿಂದ ಕೈ ತೆಗೆದಿದ್ದರು. ಬೂದಿ ಹಸಿರಿನ ಕಡೆಗೆ ಸರಿದು ಇಳಿಯುತ್ತಿತ್ತು. ಅದು ಪೂರ್ತಿ ಕಾಣದಾಗುವವರೆಗೆ ನೋಡಿ, ಸೆರಗಿನಿಂದ ಕೈ ಒರೆಸಿ, ಬೊಜ್ಜದ ದಿನದ ನಂತರ ಮೊದಲ ಸಲ ನನಗೇ ನೇರವಾಗಿ ಹೇಳಿದರು:

"ನೀನಲ್ಲ ಅಂತ ನನಗೆ ಗೊತ್ತುಂಟು. ಅಷ್ಟು ಚಂದ ಮಾಡ್ಲಿಕ್ಕೆ ನಿನಗೆ ಎಲ್ಲಿ ಬರ್ತದೆ?"